ಮಸ್ಕಿರಿಗೂ ಒಂದು ಗಡಿ ಬೇಕು

2024ರ ಮೇ 9ನೇ ತಾರೀಖನ್ನು ನಮ್ಮ ಬಾಗಲಕೋಟೆ ಜಿಲ್ಲೆಯವರು ಬೇಗ ಮರೆಯುವುದಿಲ್ಲ. ಅಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಮುಧೋಳ ತಾಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಅಂಕಿತಾ ಕೊಣ್ಣೂರ 625ಕ್ಕೆ 625 ಅಂಕ ತೆಗೆದುಕೊಂಡು ಇಡೀ ರಾಜ್ಯಕ್ಕೆ ಮೊದಲಿಗಳಾದಳು. ರೈತರ ಮನೆಯ ಮಗಳು, ಸರಕಾರಿ ವಸತಿ ಶಾಲೆಯ ವಿದ್ಯಾರ್ಥಿನಿ. ಸಂಜೆಯೊಳಗೆ ಅವಳ ಫೋಟೊ ವಿದ್ಯಾಗಿರಿಯ ಎಲ್ಲರ ಫೋನಿನಲ್ಲೂ ಇತ್ತು. ಗುರುತು ಪರಿಚಯ ಇಲ್ಲದವರೂ ನಮ್ಮ ಮನೆಯ ಹುಡುಗಿಯೇ ಗೆದ್ದಳು ಎನ್ನುವಂತೆ ಆ ಫೋಟೊ ಹಂಚಿಕೊಂಡರು.

ಅದಕ್ಕೆ ಮೂರು ವಾರ ಮೊದಲು, ಏಪ್ರಿಲ್ 20ರಂದು, ಉತ್ತರ ಪ್ರದೇಶದಲ್ಲೂ ಹತ್ತನೆಯ ತರಗತಿಯ ಫಲಿತಾಂಶ ಬಂದಿತ್ತು. ಸೀತಾಪುರ ಜಿಲ್ಲೆಯ ಪ್ರಾಚಿ ನಿಗಮ್ ಎಂಬ ಹುಡುಗಿ 600ಕ್ಕೆ 591 ಅಂಕ ಪಡೆದು ಆ ದೊಡ್ಡ ರಾಜ್ಯಕ್ಕೆ ಮೊದಲಿಗಳಾಗಿದ್ದಳು. ಅವಳ ಫೋಟೊ ಕೂಡ ಅಂದೇ ಊರೂರು ಸುತ್ತಿತು. ಆದರೆ ಆ ಫೋಟೊದಲ್ಲಿ ಮಂದಿಗೆ 591 ಕಾಣಲಿಲ್ಲ, ಅವಳ ಮುಖದ ಮೇಲಿನ ಕೂದಲು ಕಂಡಿತು. ಗಂಡಸರ ಮುಖಕ್ಕೆ ಹೋಲಿಸಿ ನಕ್ಕರು. ಚಿತ್ರ ತಿದ್ದಿ ಹಾಕಿದರು. ಹದಿಹರೆಯದ ಹುಡುಗಿಯ ಮುಖವನ್ನು ಸಾವಿರಾರು ಮಂದಿ ಸಂತೆಯ ಸಾಮಾನಿನಂತೆ ಹೊರಳಿಸಿ ಹೊರಳಿಸಿ ನೋಡಿದರು. ಮುಂದೆ ಸುದ್ದಿಗಾರರು ಮಾತಾಡಿಸಿದಾಗ ಆಕೆ ಹೇಳಿದ ಮಾತಿನ ಸಾರಾಂಶ ಇಷ್ಟು: ಒಂದೆರಡು ಅಂಕ ಕಡಿಮೆ ಬಂದಿದ್ದರೆ ಚೆನ್ನಾಗಿರುತ್ತಿತ್ತು, ಮೊದಲಿಗಳಾಗದಿದ್ದರೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ, ಯಾರೂ ಆಡಿಕೊಳ್ಳುತ್ತಿರಲಿಲ್ಲ.

ಮಕ್ಕಳೇ, ಈ ಮಾತನ್ನು ಇನ್ನೊಮ್ಮೆ ಓದಿ. ಇಡೀ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಬಾಯಲ್ಲಿ "ನನಗೆ ಅಂಕ ಕಡಿಮೆ ಬರಬೇಕಿತ್ತು" ಎಂಬ ಅರ್ಥದ ಮಾತು ಬಂತು. ಫೋನಿನಲ್ಲಿ ಒಬ್ಬರನ್ನು ಗೋಳು ಹೊಯ್ದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕೇ? ಇದಕ್ಕೆ ಪತ್ರಿಕೆಯವರು ಸೈಬರ್ ಬುಲ್ಲಿಯಿಂಗ್ ಎನ್ನುತ್ತಾರೆ. ನಾನು ಫೋನಿನ ಕಾಟ ಎನ್ನುತ್ತೇನೆ. ಅಜ್ಜ-ಅಜ್ಜಿಯರಿಗೂ ತಿಳಿಯಬೇಕಲ್ಲ.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವೇ? ನಾವೂ ಒಬ್ಬರಿಗೊಬ್ಬರು ಅಡ್ಡಹೆಸರು ಇಟ್ಟು ಕರೆದವರೇ ಅಲ್ಲವೇ?" ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಇತ್ತು. ಡೊಣ್ಣ, ಗಿಡ್ಡ, ಕುಂಬಳಕಾಯಿ ಎಂದೆಲ್ಲ ಕರೆಸಿಕೊಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಬಾಗಲಕೋಟೆಯ ಹೋಳಿ ನೋಡಿದವರಿಗಂತೂ ಮಸ್ಕಿರಿ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಹಲಗಿಯ ಸಪ್ಪಳ, ಬಂಡಿಯ ಮೇಲೆ ಬಣ್ಣದ ಪೀಪಾಯಿ, ಎದುರಿಗೆ ಸಿಕ್ಕವರ ಮೇಲೆಲ್ಲ ಬಾಯಿ. ಆದರೆ ಆ ಮಸ್ಕಿರಿಗೆ ಗಡಿ ಇತ್ತು. ಅದು ಹಬ್ಬದ ಕೆಲವು ದಿನಗಳಿಗೆ ಸೀಮಿತ. ಎದುರಿಗೇ ನಿಂತು ಅಂದ ಮಾತು, ಅಂದವರು ಯಾರೆಂದು ಗೊತ್ತು. ಎದುರಿದ್ದವನ ಮುಖ ಸಪ್ಪಗಾದರೆ ಅಲ್ಲಿದ್ದ ಹಿರಿಯರೊಬ್ಬರು "ಸಾಕು ಬಿಡ್ರೋ" ಎನ್ನುತ್ತಿದ್ದರು. ಬಣ್ಣ ತೊಳೆದ ಮೇಲೆ ಇಬ್ಬರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು.

ಫೋನಿನ ಮಸ್ಕಿರಿಗೆ ಈ ಯಾವ ಗಡಿಯೂ ಇಲ್ಲ. ಶಾಲೆಯ ಗಂಟೆ ಹೊಡೆದರೂ ಅದು ಮುಗಿಯುವುದಿಲ್ಲ, ಹುಡುಗನ ಹಿಂದೆಯೇ ಮನೆಗೆ ಬಂದು ಹಾಸಿಗೆಯ ತನಕ ಬರುತ್ತದೆ. ಅಂದವರು ಯಾರೆಂದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಅನ್ನುವವನಿಗೆ ಎದುರಿನವನ ಕಣ್ಣೀರು ಕಾಣುವುದಿಲ್ಲ. "ಸಾಕು ಬಿಡ್ರೋ" ಎನ್ನುವ ಹಿರಿಯರು ಆ ಗುಂಪಿನಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿಂದ ಹೋದ ಮಾತು ಗಾಳಿಗೆ ಹೋಗುತ್ತಿತ್ತು. ಫೋನಿನಿಂದ ಹೋದ ಮಾತು, ಚಿತ್ರ ನೂರು ಫೋನುಗಳಲ್ಲಿ ಉಳಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯ ಬೆಕ್ಕು ಒಂದೇ ಒಂದು. ಇಲ್ಲಿ ಒಂದು ಇಲಿಗೆ ನೂರು ಬೆಕ್ಕು.

ಈ ಫೋನು ಮಕ್ಕಳ ಕೈಗೆ ಹೇಗೆ ಬಂತು ಎಂಬುದನ್ನೂ ನೆನಪಿಸಿಕೊಳ್ಳಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ಪಾಠ ಫೋನಿನಲ್ಲಿ ಬರತೊಡಗಿತು. ಬಡವರು ಕೂಡ ಸಾಲ ಮಾಡಿ ಮಕ್ಕಳಿಗೆ ಫೋನು ಕೊಡಿಸಿದರು. ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪು ಹುಟ್ಟಿತು. ಮುಂದೆ ಶಾಲೆ ತೆರೆಯಿತು, ಆದರೆ ಗುಂಪು ಮುಚ್ಚಲಿಲ್ಲ. ಶಿಕ್ಷಕರಿರುವ ಗುಂಪಿನ ಪಕ್ಕದಲ್ಲಿ ಶಿಕ್ಷಕರಿಲ್ಲದ ಇನ್ನೊಂದು ಗುಂಪು ಬೆಳೆಯಿತು. ಅಲ್ಲಿ ಏನು ನಡೆಯುತ್ತದೆಂದು ನಮಗೆ ಯಾರಿಗೂ ಗೊತ್ತಿಲ್ಲ.

ಅಂಥ ಒಂದು ಗುಂಪನ್ನು ಈಚೆಗೆ ನಾನು ಕಣ್ಣಾರೆ ನೋಡಿದೆ. ನಮ್ಮ ಓಣಿಯ ಹುಡುಗ, ಎಂಟನೆಯ ತರಗತಿ. ಹೆಸರು, ಶಾಲೆ ಇಲ್ಲಿ ಬೇಡ. ಶಾಲೆಯ ಗ್ಯಾದರಿಂಗ್‌ನಲ್ಲಿ ಕುಣಿಯುವಾಗ ಅವನ ಧೋತರ ಸಡಿಲಾಯಿತು. ಎರಡೇ ಸೆಕೆಂಡಿನ ಮಾತು; ಎರಡೂ ಕೈಯಿಂದ ಹಿಡಿದುಕೊಂಡು ಒಳಗೆ ಓಡಿದ. ಅಷ್ಟರಲ್ಲಿ ಯಾರೋ ಫೋಟೊ ಹೊಡೆದರು. ಮರುದಿನ ಆ ಫೋಟೊ ಸ್ಟಿಕ್ಕರ್ ಆಯಿತು. ಗುಂಪಿನಲ್ಲಿ ಯಾರು ಏನೇ ಬರೆಯಲಿ, ಉತ್ತರವಾಗಿ ಆ ಸ್ಟಿಕ್ಕರ್. ಹುಡುಗನ ಹೆಸರೇ ಧೋತರ ಎಂದಾಯಿತು.

ಮೊದಲು ಗುರುತಿಸಿದವರು ಅವನ ಅಜ್ಜಿ. ಸೋಮವಾರ ಬಂದರೆ ಹುಡುಗನಿಗೆ ಹೊಟ್ಟೆನೋವು. ಎರಡು ರೊಟ್ಟಿ ಉಣ್ಣುವವನು ಅರ್ಧಕ್ಕೆ ಏಳುತ್ತಾನೆ. ಫೋನು ಬಿಟ್ಟಿರದಿದ್ದವನು ಅದನ್ನು ಬೋರಲು ಹಾಕಿ ದೂರ ಇಡುತ್ತಾನೆ. ಅದು ಟಿಂಗ್ ಎಂದರೆ ಬೆಚ್ಚುತ್ತಾನೆ. ಆ ತಾಯಿ ಬೈಯಲಿಲ್ಲ. ಒಂದು ಸಂಜೆ ಶೇಂಗಾ ಸುಲಿಯಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ.

"ಯಾಕೋ ತಮ್ಮಾ, ಸಾಲಿಗಿ ಹೋಗಾಕ ಯಾಕ ಮನಸಿಲ್ಲ? ಯಾರರ ಏನರ ಅಂದ್ರೇನು?"

"ಏನಿಲ್ಲ ಬಿಡ ಅಮ್ಮಾ. ಹೇಳಿದ್ರ ಅಪ್ಪ ಫೋನ್ ಕಸ್ಗೋತಾನ."

"ಯಾರೂ ಕಸ್ಗೊಳ್ಳೂದಿಲ್ಲ. ನಾ ಅದೀನಿ. ಹೇಳು."

ಹುಡುಗ ಅತ್ತ. ಆಮೇಲೆ ಹೇಳಿದ. ಮರುದಿನ ಅವರು ಮೊಮ್ಮಗನ ಒಪ್ಪಿಗೆ ಕೇಳಿ, ಅವನನ್ನೂ ಫೋನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. "ಅಣ್ಣಾರ, ಇದರಾಗ ಅರ್ಧ ಇಂಗ್ಲಿಷ್ ಐತಿ. ಏನೇನ್ ಬರದಾರ ಓದಿ ಹೇಳ್ರಿ" ಎಂದರು.

ಓದಿದೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಎಣಿಸಿದ ಕೈ ನನ್ನದು, ಇಲ್ಲಿಯೂ ಎಣಿಸಿದೆ. ಗುಂಪಿನಲ್ಲಿ 43 ಮಕ್ಕಳು. ಸ್ಟಿಕ್ಕರ್ ಮಾಡಿದವನು 1. ಕೆಟ್ಟ ಮಾತು ಬರೆದವರು 4. ಬಿದ್ದು ಬಿದ್ದು ನಗುವ ಮುಖ ಒತ್ತಿದವರು 26. ಉಳಿದವರು ಸುಮ್ಮನಿದ್ದರು. "ಬಿಡ್ರೋ, ಸಾಕು" ಎಂದು ಬರೆದವರು ಒಬ್ಬರೂ ಇರಲಿಲ್ಲ. ಗುಂಪಿನ ಹೊರಗೆ, ಹುಡುಗನ ಹೆಸರಿಗೆ ಮಾತ್ರ ಒಂದು ಮೆಸೇಜು ಬಂದಿತ್ತು: "ಬ್ಯಾಸರ ಮಾಡ್ಕೋಬ್ಯಾಡಲೇ, ನಾಳಿ ನನ್ನ ಬಾಜೂಕ ಕುಂದ್ರು."

ಆ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಹುಡುಗನನ್ನು ಶಾಲೆ ಬಿಡಿಸುವ ಮಟ್ಟಕ್ಕೆ ತಂದದ್ದು ಯಾರು? ಆ ಐದು ಮಂದಿ ಎನ್ನುವುದು ಸುಲಭ. ಆದರೆ ಐವರು ಮಾತ್ರ ನಕ್ಕಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತರಗತಿಗೆ ತರಗತಿಯೇ ನಗುತ್ತಿದೆ ಎಂದು ಅವನಿಗೆ ಅನ್ನಿಸಿತು, ಹಾಗೆ ಅನ್ನಿಸುವಂತೆ ಮಾಡಿದ್ದು ಆ 26 ಬೆರಳು. ಅವರಲ್ಲಿ ಹೆಚ್ಚಿನವರಿಗೆ ಅವನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಎಲ್ಲರೂ ಒತ್ತಿದರು, ನಾನೂ ಒತ್ತಿದೆ, ಅಷ್ಟೇ. ಫೋನಿನ ಕಾಟಕ್ಕೆ ಬಲ ಬರುವುದು ಕಾಡುವವನಿಂದಲ್ಲ, ನೋಡಿ ನಕ್ಕು ಮುಂದೆ ಕಳಿಸುವವರಿಂದ. ಈ ವಾರ ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಇದು ಮಕ್ಕಳ ತಪ್ಪು ಮಾತ್ರವಲ್ಲ. ದೊಡ್ಡವರು ಮುಂದೆ ಕಳಿಸಿದ್ದರಿಂದ ಏನಾಯಿತು ಎಂಬುದಕ್ಕೆ ನಮ್ಮ ಬೀದರ ಜಿಲ್ಲೆಯಲ್ಲೇ ಸಾಕ್ಷಿ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಊರಿಂದ ಊರಿಗೆ ಹರಿದಾಡುತ್ತಿತ್ತು. ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟರು. ಇವರೇ ಕಳ್ಳರು ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ಫೋನಿನಲ್ಲಿ ಔರಾದ ತಾಲೂಕಿನ ಮುರ್ಕಿ ಗ್ರಾಮ ಮುಟ್ಟಿತು. ಜನ ದಾರಿ ಕಟ್ಟಿ ಹೊಡೆದರು. ಏನೂ ತಪ್ಪು ಮಾಡದ ಯುವಕ ಎಂಜಿನಿಯರ್ ಒಬ್ಬ ಜೀವ ಕಳೆದುಕೊಂಡ. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಅನಾಹುತದ ಬೇರು ಮುಂದೆ ಕಳಿಸುವ ಬೆರಳಿನಲ್ಲಿದೆ ಎಂದು ಆ ಕಂಪನಿಗೂ ಅರ್ಥವಾಗಿತ್ತು.

ಮಕ್ಕಳ ನಡುವಿನ ಕಾಟ ಎಷ್ಟು ಹರಡಿದೆ? ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ 2019ರಲ್ಲಿ 30 ದೇಶಗಳ 13ರಿಂದ 24 ವರ್ಷದ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೇಳಿತು. ಮೂವರಲ್ಲಿ ಒಬ್ಬರು ತಾವು ಇಂಥ ಕಾಟ ಅನುಭವಿಸಿದ್ದೇವೆ ಎಂದರು. ಐವರಲ್ಲಿ ಒಬ್ಬರು ಇದರಿಂದ ಶಾಲೆ ತಪ್ಪಿಸಿದ್ದೇವೆ ಎಂದರು. ಅಂದರೆ ಸೋಮವಾರದ ಹೊಟ್ಟೆನೋವು ನಮ್ಮ ಓಣಿಯ ಹುಡುಗನಿಗೆ ಮಾತ್ರ ಬಂದದ್ದಲ್ಲ.

ಆಸ್ಟ್ರೇಲಿಯಾ ದೇಶ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಇನ್‌ಸ್ಟಾಗ್ರಾಮ್, ಟಿಕ್‌ಟಾಕ್‌ನಂಥವುಗಳ ಖಾತೆ ಇರಕೂಡದು ಎಂಬ ಕಾಯ್ದೆ ಜಾರಿ ಮಾಡಿತು. ಆದರೆ ವಾಟ್ಸ್‌ಆ್ಯಪ್ ಆ ಕಾಯ್ದೆಯೊಳಗೆ ಬಂದಿಲ್ಲ. ದೊಡ್ಡ ಬಾಗಿಲಿಗೆ ಬೀಗ ಹಾಕಿದರೂ ತರಗತಿಯ ಗುಂಪಿನ ಕಿಟಕಿ ತೆರೆದೇ ಇರುತ್ತದೆ. ಅಲ್ಲಿ ಕಾವಲು ಮಕ್ಕಳೇ ಮಾಡಬೇಕು, ಬೆನ್ನಿಗೆ ನಾವು ನಿಲ್ಲಬೇಕು.

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ ಎಂದು ಕೇಳಬಹುದು. ಸೈಬರ್ ಬುಲ್ಲಿಯಿಂಗ್ ಎಂಬ ಹೆಸರಿನ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಅದರಲ್ಲಿ ಬರುವ ಎಷ್ಟೋ ಕೆಲಸಗಳು ಅಪರಾಧಗಳೇ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಅವರಂತೆ ನಟಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ಒಬ್ಬರ ಖಾಸಗಿ ಅಂಗಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೂ ತಪ್ಪು, ಹಂಚಿದರೂ ತಪ್ಪು. 66ಇ ಕಲಮಿನಡಿ 3 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷದವರೆಗೆ ದಂಡ. 18 ವರ್ಷದೊಳಗಿನವರ ಅಶ್ಲೀಲ ಚಿತ್ರವಾದರೆ 67ಬಿ ಕಲಮು ಇನ್ನೂ ಕಠಿಣ, ಅದಕ್ಕೆ ಪೋಕ್ಸೊ ಕಾಯ್ದೆಯೂ ಸೇರುತ್ತದೆ. ಬೆದರಿಕೆ ಹಾಕಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಇದೆ. ಹೆಸರು ಮುಚ್ಚಿಟ್ಟು ಬೆದರಿಸಿದವರಿಗೆ ಅದರಲ್ಲಿ ಹೆಚ್ಚಿನ ಶಿಕ್ಷೆ. "ನಾನು ಇನ್ನೂ ಚಿಕ್ಕವನು, ನನಗೇನೂ ಆಗುವುದಿಲ್ಲ" ಎಂದುಕೊಳ್ಳಬೇಡಿ. 18 ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅಪ್ಪ ಅವ್ವನನ್ನು ಕರೆದುಕೊಂಡು ಅಲ್ಲಿ ನಿಲ್ಲುವ ದಿನ ಯಾರಿಗೂ ಬರಬಾರದು.

ದೇಶದ ಮೊದಲ ಸೈಬರ್ ಕ್ರೈಮ್ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಈಗ ಬಾಗಲಕೋಟೆಯೂ ಸೇರಿ ಜಿಲ್ಲೆಗಳಲ್ಲಿ ಸಿಇಎನ್ ಪೊಲೀಸ್ ಠಾಣೆಗಳಿವೆ. 1930 ಸಂಖ್ಯೆಗೆ ಕರೆ ಮಾಡಿದರೆ ಸೈಬರ್ ಅಪರಾಧದ ಸಹಾಯವಾಣಿ ಸಿಗುತ್ತದೆ, 1098 ಮಕ್ಕಳ ಸಹಾಯವಾಣಿ. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಣ್ಣುಮಕ್ಕಳು ಮತ್ತು ಮಕ್ಕಳ ಮೇಲಿನ ಲೈಂಗಿಕ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಮನಸ್ಸು ತೀರ ಕುಗ್ಗಿದೆ, ಯಾವುದೂ ಬೇಡ ಅನ್ನಿಸುತ್ತಿದೆ ಎಂದಾದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್‌ನೆಟ್ಟಿನ ತೊಂದರೆಗಳಿಗೆಂದೇ 2014ರಿಂದ ಷಟ್ ಎಂಬ ಚಿಕಿತ್ಸಾಲಯ ನಡೆಯುತ್ತಿದೆ.

ಈಗ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಆ ಹುಡುಗ ಇಷ್ಟು ದಿನ ಬಾಯಿ ಬಿಡದಿದ್ದಕ್ಕೆ ಕಾರಣ ಕೇಳಿದಿರಲ್ಲ, "ಅಪ್ಪ ಫೋನ್ ಕಸ್ಗೋತಾನ." ಹೊಡೆಸಿಕೊಂಡವನಿಗೇ ಶಿಕ್ಷೆ ಎಂದಾದರೆ ಯಾವ ಮಗು ಹೇಳುತ್ತದೆ? "ಫೋನು ನೋಡಬೇಡ ಅಂದ್ರೆ ಕೇಳಿದೆಯಾ?" ಎಂಬ ಒಂದು ಮಾತು ಸಾಕು, ಮಗುವಿನ ಬಾಯಿ ಮತ್ತೆ ತೆರೆಯುವುದಿಲ್ಲ. "ಅದಕ್ಯಾಕ ಅಳ್ತೀ, ಗಂಡಸಲ್ಲೇನು?" ಎನ್ನುವುದೂ ಅಷ್ಟೇ ಕೆಟ್ಟದ್ದು. ಅಪ್ಪ ಅವ್ವ ದುಡಿಯಲು ಹೋದಾಗ ಮನೆಯಲ್ಲಿರುವವರು ನಾವು. ಮಗು ಎಷ್ಟು ಉಂಡಿತು, ಯಾವಾಗ ಮಲಗಿತು, ಯಾವ ವಾರ ಹೊಟ್ಟೆನೋವು ಎಂದಿತು ಎಂಬುದು ನಮಗೆ ಕಂಡಷ್ಟು ಯಾರಿಗೂ ಕಾಣುವುದಿಲ್ಲ. ಇದಕ್ಕೆ ಇಂಗ್ಲಿಷ್ ಬೇಡ, ಫೋನಿನ ವಿದ್ಯೆಯೂ ಬೇಡ. ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುವಷ್ಟು ಪುರುಸೊತ್ತು ಬೇಕು.

ಮಗು ಹೇಳಿದ ಮೇಲೆ ಮಾಡಬೇಕಾದ ಕೆಲಸವೂ ಇದೆ. ಸಿಟ್ಟಿನಿಂದ ಎಲ್ಲ ಅಳಿಸಿ ಹಾಕಬೇಡಿ. ವೋಚರ್ ಇಲ್ಲದ ಲೆಕ್ಕವನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಸಾಕ್ಷಿ ಇಲ್ಲದ ದೂರಿನ ಗತಿಯೂ ಅದೇ. ಕಳಿಸಿದವರ ಹೆಸರು, ನಂಬರು, ತಾರೀಖು, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಒಮ್ಮೆ ನೋಡಿದರೆ ಮಾಯವಾಗುವ ಚಿತ್ರವಾದರೆ ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಆದರೆ ಅಶ್ಲೀಲ ಚಿತ್ರವಿದ್ದರೆ ಸಾಕ್ಷಿಗೆಂದೂ ಅದರ ಫೋಟೊ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ; ಆ ಫೋನನ್ನೇ ಪೊಲೀಸರಿಗೆ ತೋರಿಸಿ. ಸಾಕ್ಷಿ ಇಟ್ಟುಕೊಂಡ ಮೇಲೆ ಆ ನಂಬರನ್ನು ಬ್ಲಾಕ್ ಮಾಡಿ, ರಿಪೋರ್ಟ್ ಎಂಬುದನ್ನು ಒತ್ತಿ. ಅಪರಿಚಿತರು ಮಗುವನ್ನು ಗುಂಪಿಗೆ ಸೇರಿಸದಂತೆ ವಾಟ್ಸ್‌ಆ್ಯಪ್‌ನ ಪ್ರೈವೆಸಿ ವಿಭಾಗದಲ್ಲಿ ವ್ಯವಸ್ಥೆ ಇದೆ. ಮೊಮ್ಮಕ್ಕಳನ್ನೇ ಕೇಳಿ, ತೋರಿಸುತ್ತಾರೆ. ಆಮೇಲೆ ಶಾಲೆಗೆ ಹೋಗಿ ಶಿಕ್ಷಕರನ್ನು ಕಾಣಿ. ಇನ್ನೊಬ್ಬ ಹುಡುಗನ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆದರೆ ಮಕ್ಕಳ ಜಗಳ ಎರಡು ಮನೆಯ ಜಗಳವಾಗುತ್ತದೆ.

ಮಕ್ಕಳೇ, ಈಗ ನಿಮಗೆ. ಯಾರದೋ ಫೋಟೊ ನಿಮ್ಮ ಫೋನಿಗೆ ಬಂತು, ನಗು ಬಂತು. ನಗು ಬಂದದ್ದು ತಪ್ಪಲ್ಲ. ಬೆರಳು ಒತ್ತುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಫೋಟೊದಲ್ಲಿ ನನ್ನ ತಂಗಿ ಇದ್ದಿದ್ದರೆ? ಉತ್ತರ ಬರುವ ತನಕ ಬೆರಳು ತಡೆಯಲಿ. ಗುಂಪಿನ ಅಡ್ಮಿನ್ ನೀವಾಗಿದ್ದರೆ ಬೇರೆಯವರು ಹಾಕಿದ್ದನ್ನೂ ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ನಿಮಗಿದೆ, ಬಳಸಿ. ಗುಂಪಿನಲ್ಲಿ "ಸಾಕು" ಎಂದು ಬರೆಯುವ ಧೈರ್ಯ ಇದ್ದರೆ ಬರೆಯಿರಿ. ಒಬ್ಬರು ಬರೆದರೆ ಇನ್ನಿಬ್ಬರಿಗೆ ಧೈರ್ಯ ಬರುತ್ತದೆ. ಅಷ್ಟು ಧೈರ್ಯ ಇಲ್ಲವೇ? ಪರವಾಗಿಲ್ಲ. ಆ ಮಗುವಿಗೆ ಮಾತ್ರ ಒಂದು ಸಾಲು ಬರೆಯಿರಿ, ಮರುದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾಟ ನಿಮಗೇ ಬಂದಿದ್ದರೆ ತಿರುಗಿ ಬೈಯಬೇಡಿ, ಒಬ್ಬರೇ ನುಂಗಿಕೊಳ್ಳಲೂಬೇಡಿ. ನಿಮ್ಮ ಮಾತು ಕೇಳಿಸಿಕೊಳ್ಳುವ ಹಿರಿಯರೊಬ್ಬರು ಎಲ್ಲೋ ಇದ್ದೇ ಇರುತ್ತಾರೆ. ಮನೆಯಲ್ಲಿಲ್ಲದಿದ್ದರೆ ಶಾಲೆಯಲ್ಲಿ, ಶಾಲೆಯಲ್ಲಿಲ್ಲದಿದ್ದರೆ ಓಣಿಯಲ್ಲಿ.

ನಮ್ಮ ಓಣಿಯ ಹುಡುಗನ ಕಥೆ ಎಲ್ಲಿಗೆ ಬಂತು ಎಂದು ಕೇಳುವಿರಿ. ಅವನ ಅಪ್ಪ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯರು ಆ ಐವರನ್ನೂ ಅವರ ತಂದೆ-ತಾಯಿಯನ್ನೂ ಕರೆಸಿ ಮಾತಾಡಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಹೆಸರು ಕೂಗಿ ಮತ್ತೊಬ್ಬರ ಮಾನ ಕಳೆಯಲಿಲ್ಲ. "ಸುಮ್ನ ಮಸ್ಕಿರಿ ಮಾಡಿದ್ವಿ ಸರ್" ಎಂದರಂತೆ ಹುಡುಗರು. ಅದು ಸುಳ್ಳೂ ಅಲ್ಲ. ಸ್ಟಿಕ್ಕರ್ ಗುಂಪಿನಿಂದ ಹೋಯಿತು. ಎಷ್ಟು ಫೋನುಗಳಲ್ಲಿ ಉಳಿದಿದೆಯೋ ಯಾರು ಬಲ್ಲರು? ಹುಡುಗ ಶಾಲೆಗೆ ಹೋಗುತ್ತಿದ್ದಾನೆ, ಮೆಸೇಜು ಕಳಿಸಿದ ಗೆಳೆಯನ ಬಾಜೂಕೇ ಕೂರುತ್ತಾನೆ, ಈಗ ಎರಡೂ ರೊಟ್ಟಿ ಉಣ್ಣುತ್ತಾನೆ. ಆದರೆ ಈ ವರ್ಷದ ಗ್ಯಾದರಿಂಗ್‌ಗೆ ಕುಣಿಯುವವರ ಹೆಸರು ಬರೆಸಿಕೊಳ್ಳುವಾಗ ಅವನು ಕೈ ಎತ್ತಲಿಲ್ಲ. ಮುಂದಿನ ವರ್ಷ ಎತ್ತಬಹುದು. ಅದು ಅವನೊಬ್ಬನ ಕೈಯಲ್ಲಿ ಮಾತ್ರ ಇಲ್ಲ, ಆ 26 ಮಂದಿಯ ಕೈಯಲ್ಲೂ ಇದೆ.